ಎಡದಿಂದ ಎರಡನೆಯವನು

“ಗುರುಗಳೇ, ತಪ್ಪು ಎಲ್ಲಿದೆ ಎಂದು ಕಂಡುಹಿಡಿದವನಿಗೆ ಸರಿ ಯಾವುದೆಂಬುದೂ ಸಿಕ್ಕಂತೆಯೇ ಅಲ್ಲವೇ?”

ಹೀಗೆ ಕೇಳಿದವನು ವಿರೂಪಾಕ್ಷ ಎಂಬ ಶಿಷ್ಯ. ಮಠದ ಉಗ್ರಾಣದಲ್ಲಿದ್ದ ಒಂದು ತಾಳೆಗರಿಯ ಕಟ್ಟಿನಲ್ಲಿ ಗರಿಗಳು ಹಿಂದುಮುಂದಾಗಿದ್ದುದನ್ನು ಅವನು ಪತ್ತೆಹಚ್ಚಿದ್ದ. ಪತ್ತೆಹಚ್ಚಿದ್ದೇ ತಡ, ಹಳೆಯ ದಾರ ಬಿಚ್ಚಿ, ತನಗೆ ಸರಿಕಂಡ ಕ್ರಮದಲ್ಲಿ ಗರಿಗಳನ್ನು ಹೊಸ ದಾರಕ್ಕೆ ಪೋಣಿಸಿಕೊಂಡು ಬಂದಿದ್ದ. ಕೇಳಿದ್ದು ಪ್ರಶ್ನೆಯಾದರೂ ಅವನಿಗೆ ಬೇಕಾಗಿದ್ದದ್ದು ಶಹಬ್ಬಾಸ್‌ಗಿರಿ.

ಗುರುಗಳು ಕಟ್ಟನ್ನು ಮುಟ್ಟಲಿಲ್ಲ. “ಹಾಕಿ ಆಟ ನೋಡಿದ್ದೀಯಾ?” ಎಂದರು.

ಶಿಷ್ಯ ತಬ್ಬಿಬ್ಬಾದ. ನೋಡಿದ್ದೇನೆ ಎಂದ. ಹಾಗಾದರೆ ಕೇಳು ಎಂದು ಗುರುಗಳು ಈ ಕತೆ ಹೇಳಿದರು.

ರೈಲ್ವೆ ಕಾರ್ಖಾನೆ ಇದ್ದ ಒಂದು ಊರು. ಅಲ್ಲಿ ಒಬ್ಬ ಪರೀಕ್ಷಕನಿದ್ದ. ಚಿನ್ನವನ್ನು ಪರೀಕ್ಷಿಸುವವರಿದ್ದಾರೆ, ರತ್ನವನ್ನು ಪರೀಕ್ಷಿಸುವವರಿದ್ದಾರೆ. ಇವನು ಹಳೆಯ ಹಾಕಿ ಚಿತ್ರಗಳನ್ನು ಪರೀಕ್ಷಿಸುವವನು. ಆ ಊರಿನ ಹಾಕಿ ಹುಚ್ಚು ಬಹಳ ಹಳೆಯದು. ಸಂಜೆ ಕಾರ್ಖಾನೆಯ ಭೋಂಗಾ ಕೂಗಿದರೆ ಕೆಲಸಗಾರರು ಮನೆಗೆ ಹೋಗುವ ಬದಲು ಮೈದಾನಕ್ಕೆ ಹೋಗುತ್ತಿದ್ದರು. ಪಂದ್ಯ ಗೆದ್ದರೆ ಸ್ಟುಡಿಯೋದವನನ್ನು ಕರೆಸಿ ಸಾಲಾಗಿ ನಿಂತು ಚಿತ್ರ ತೆಗೆಸಿಕೊಳ್ಳುತ್ತಿದ್ದರು. ಹೀಗಾಗಿ ಅಲ್ಲಿನ ಅರ್ಧ ಮನೆಗಳಲ್ಲಿ ದೇವರ ಪಟದ ಪಕ್ಕದಲ್ಲೇ ಒಂದು ಹಾಕಿ ತಂಡವೂ ಗೋಡೆ ಏರಿತ್ತು. ಇದು ಯಾವ ವರ್ಷದ್ದು, ಇವರೆಲ್ಲ ಯಾರು ಎಂದು ಕೇಳಿದರೆ ಮಾತ್ರ ಮನೆಯವರು ಮುಖ ಮುಖ ನೋಡಿಕೊಳ್ಳುತ್ತಿದ್ದರು. ಆಗ ಚಿತ್ರವನ್ನು ಗೋಡೆಯಿಂದ ಇಳಿಸಿ, ಹಳೆಯ ಟವೆಲಿನಲ್ಲಿ ಸುತ್ತಿ, ಪರೀಕ್ಷಕನ ಮನೆಗೆ ತರುತ್ತಿದ್ದರು.

ಪರೀಕ್ಷಕ ಕಾರ್ಖಾನೆಯ ನಕ್ಷೆ ವಿಭಾಗದಲ್ಲಿ ಮೂವತ್ತು ವರ್ಷ ಗೆರೆ ಎಳೆದು ನಿವೃತ್ತನಾದವನು. ಕೂದಲೆಳೆಯಷ್ಟು ವ್ಯತ್ಯಾಸವಾದರೂ ಅವನ ಕಣ್ಣಿಗೆ ಚುಚ್ಚುತ್ತಿತ್ತು. ಚಿತ್ರವನ್ನು ಕಿಟಕಿಯ ಬಳಿ ಇಟ್ಟು ಭೂತಗನ್ನಡಿ ಹಿಡಿದು ಕುಳಿತನೆಂದರೆ ಅವನು ಮೊದಲು ನೋಡುತ್ತಿದ್ದದ್ದು ಸ್ಟಿಕ್ಕುಗಳ ಕೊಕ್ಕೆಯನ್ನು. ಕೊಕ್ಕೆ ಉದ್ದವಾಗಿದ್ದಷ್ಟೂ ಚಿತ್ರ ಹಳೆಯದು. ಆಮೇಲೆ ಗೋಲ್‌ಕೀಪರನ ಕಾಲುಪಟ್ಟಿ: ಒಳಗೆ ಬೆತ್ತವಿಟ್ಟು ಹೊಲಿದ ಬಿಳಿ ಕ್ಯಾನ್ವಾಸಿನದೋ, ಈಚಿನ ಸ್ಪಂಜಿನದೋ. ಚಡ್ಡಿ ಮೊಣಕಾಲು ಮುಟ್ಟುತ್ತದೋ, ತೊಡೆಯ ಮೇಲೇ ನಿಂತಿದೆಯೋ. ಚೆಂಡಿನ ಮೇಲೆ ಹೊಲಿಗೆ ಕಾಣುತ್ತದೋ ಇಲ್ಲವೋ. ಮುಂದೆ ಒಂದು ಫಲಕ ಇಟ್ಟಿದ್ದರೆ ಅವನಿಗೆ ಹಬ್ಬ. ವರ್ಷ ವರ್ಷ ಗೆದ್ದವರ ಹೆಸರು ಕೆತ್ತಿ ಅದಕ್ಕೆ ಹೊಡೆಯುವ ಬೆಳ್ಳಿಯ ತಗಡುಗಳನ್ನು ಎಣಿಸಿದರೆ ಸಾಕು, ಚಿತ್ರದ ವರ್ಷ ತಾನಾಗಿ ಕೈಗೆ ಬೀಳುತ್ತಿತ್ತು. ಬಲ್ಲವನೇ ಬಲ್ಲ ಬೆಲ್ಲದ ರುಚಿ ಎನ್ನುತ್ತಾರಲ್ಲ, ಆ ಸವಿ ಅವನಿಗೆ ಹತ್ತಿತ್ತು.

ಅವನದೊಂದು ಕಟ್ಟುಪಾಡಿತ್ತು. ಚಿತ್ರ ತಂದವರು ಅದರ ಬಗ್ಗೆ ಒಂದು ಮಾತೂ ಆಡಕೂಡದು. “ಚಿತ್ರ ಒಳಗಿಡಿ, ಮಾತು ಹೊರಗಿಡಿ” ಎನ್ನುತ್ತಿದ್ದ. ಇದು ಸುಮ್ಮನೆ ಬಂದ ಸೊಕ್ಕಲ್ಲ. ಮೊದಮೊದಲು ಅವನು ಎಲ್ಲರ ಮಾತನ್ನೂ ಕೇಳುತ್ತಿದ್ದ. ಪ್ರತಿಯೊಬ್ಬರ ಅಜ್ಜನೂ ನಾಯಕನಾಗಿದ್ದ, ಪ್ರತಿಯೊಬ್ಬರ ಅಜ್ಜನೂ ಕೊನೆಯ ನಿಮಿಷದಲ್ಲಿ ಗೋಲು ಹೊಡೆದಿದ್ದ. ಊರಿನ ಅಜ್ಜಂದಿರು ಹೊಡೆದ ಗೋಲುಗಳನ್ನೆಲ್ಲ ನಂಬಿದರೆ ಎದುರಾಳಿ ತಂಡಗಳು ಮೈದಾನ ಬಿಟ್ಟು ಸನ್ಯಾಸ ತೆಗೆದುಕೊಳ್ಳಬೇಕಿತ್ತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಇಂಥವರ ಮಾತು ನಂಬಿ ಒಮ್ಮೆ ಒಂದು ಚಿತ್ರಕ್ಕೆ ಎಂಟು ವರ್ಷ ತಪ್ಪಾಗಿ ಹೇಳಿ ನಾಲ್ಕು ಜನರೆದುರು ನಗೆಪಾಟಲಾಗಿದ್ದ. ಅಂದಿನಿಂದ ಕಿವಿ ಮುಚ್ಚಿ ಕಣ್ಣು ತೆರೆದ. ಆಮೇಲೆ ಅವನು ತಪ್ಪಿದ್ದನ್ನು ಯಾರೂ ಕಂಡಿರಲಿಲ್ಲ.

ಒಂದು ದಿನ ಬೆಳಿಗ್ಗೆ ಒಬ್ಬ ಹೆಂಗಸು ಬಂದಳು. ಅರವತ್ತರ ಹೆಂಗಸು, ಹೊಲಿಗೆ ಕೆಲಸದವಳು. ಊರಿನ ಹಾಕಿ ಸಂಘದವರು ಹೊಸ ಸಭಾಂಗಣ ಕಟ್ಟಿಸಿ ಹಳೆಯ ಆಟಗಾರರ ಚಿತ್ರಗಳನ್ನು ತೂಗುಹಾಕುವವರಿದ್ದರು. ಅವಳ ಮನೆಯ ಚಿತ್ರದ ವರ್ಷ ಯಾವುದೆಂದು ಅವರಿಗೆ ಬೇಕಾಗಿತ್ತು. ಅವಳು ಚಿತ್ರವನ್ನು ಮೇಜಿನ ಮೇಲಿಟ್ಟು ಬಾಯಿ ತೆರೆದಳು.

“ಸರ, ಇದರ ಕೆಳಗ ಹೆಸರು ಅದಾವಲ್ರಿ, ಅವನ್ನ ನಮ್ಮವ್ವ—”

“ಏನೂ ಹೇಳಬ್ಯಾಡವ್ವಾ. ಚಿತ್ರ ತಾನಾ ಹೇಳತೈತಿ,” ಎಂದ ಪರೀಕ್ಷಕ.

ಅವಳು ಸೆರಗು ಸರಿಮಾಡಿಕೊಂಡು ಕುಳಿತಳು.

ಹನ್ನೊಂದು ಜನರ ಚಿತ್ರ. ಐವರು ಕುರ್ಚಿಯ ಮೇಲೆ ಕುಳಿತಿದ್ದರು, ಆರು ಜನ ಹಿಂದೆ ನಿಂತಿದ್ದರು. ಕೆಳಗೆ ರಟ್ಟಿನ ಮೇಲೆ ಮಸಿಯಲ್ಲಿ ಹೆಸರುಗಳು, ಎಡದಿಂದ ಬಲಕ್ಕೆ. ಪರೀಕ್ಷಕ ತನ್ನ ಕ್ರಮದಂತೆ ಕೊಕ್ಕೆ ನೋಡಿದ, ಕಾಲುಪಟ್ಟಿ ನೋಡಿದ, ಫಲಕದ ತಗಡುಗಳನ್ನು ಎಣಿಸಿದ. ಅಕ್ಷರ ಓದಲಾಗದಷ್ಟು ಮಸುಕಾಗಿದ್ದರೂ ಏಳು ತುಂಬಿದ್ದವು, ಎಂಟನೆಯ ಜಾಗ ಖಾಲಿ ಇತ್ತು. ಆ ಫಲಕದ ಪಂದ್ಯ ಶುರುವಾದದ್ದು ನಲವತ್ತೆರಡರಲ್ಲಿ. ಸಾವಿರದ ಒಂಬೈನೂರ ನಲವತ್ತೊಂಬತ್ತು ಎಂದ. ಇಬ್ಬರು ಅಂಗಿಯ ಮೇಲೆ ಸ್ವೆಟರ್ ಹಾಕಿದ್ದರಿಂದ ಚಳಿಗಾಲ ಎಂದೂ ಹೇಳಿದ.

ಹೆಂಗಸಿನ ಮುಖ ಅರಳಿತು. ವರ್ಷ ಸಿಕ್ಕಿತಲ್ಲ, ಇನ್ನು ಮಾತಾಡಬಹುದು ಎಂದುಕೊಂಡು ಅವಳು ನಿಂತವರ ಸಾಲಿನಲ್ಲಿ ಎಡದಿಂದ ಎರಡನೆಯವನ ಮೇಲೆ ಬೆರಳಿಟ್ಟಳು. “ಇಂವನ ನೋಡ್ರಿ ನಮ್ಮಪ್ಪ, ಫಕೀರಪ್ಪ,” ಎಂದಳು. ತಂದೆಯನ್ನು ಅವಳು ಕಣ್ಣಾರೆ ಕಂಡವಳಲ್ಲ. ಅವನು ತೀರಿಕೊಂಡ ಮೂರು ತಿಂಗಳಿಗೆ ಹುಟ್ಟಿದವಳು. ಮನೆಯಲ್ಲಿ ಅವನದೆಂದು ಇದ್ದ ಮುಖ ಇದೊಂದೇ.

ಅವಳ ಬೆರಳನ್ನು ಹಿಂಬಾಲಿಸಿ ಹೋದ ಪರೀಕ್ಷಕನ ಕಣ್ಣು ಕುಳಿತವರ ಸ್ಟಿಕ್ಕುಗಳ ಮೇಲೆ ಮತ್ತೆ ಬಿತ್ತು. ಬಿದ್ದದ್ದು ಅಲ್ಲೇ ನಿಂತಿತು.

ಹಾಕಿಯಲ್ಲಿ ಎಡಗೈಯವರಿಗೆಂದು ಬೇರೆ ಸ್ಟಿಕ್ಕು ಇಲ್ಲ. ಎಲ್ಲ ಸ್ಟಿಕ್ಕುಗಳಿಗೂ ಚಪ್ಪಟೆ ಮೈ ಒಂದೇ ಕಡೆ, ಗುಂಡು ಮೈ ಇನ್ನೊಂದು ಕಡೆ. ಸ್ಟಿಕ್ಕನ್ನು ನೆಲಕ್ಕೂರಿ ಚಪ್ಪಟೆ ಮೈಯನ್ನು ನೋಡುವವನ ಕಡೆ ಹಿಡಿದರೆ ಕೊಕ್ಕೆ ಅವನ ಎಡಕ್ಕೇ ಬಾಗಬೇಕು. ಈ ಚಿತ್ರದಲ್ಲಿ ಚಪ್ಪಟೆ ಮೈ ಎದುರಿಗೇ ಇದ್ದೂ ಐದೂ ಕೊಕ್ಕೆಗಳು ಬಲಕ್ಕೆ ಬಾಗಿದ್ದವು. ಅವನು ಅಂಗಿಗಳನ್ನು ನೋಡಿದ. ಸ್ವೆಟರ್ ಹಾಕದವರೆಲ್ಲರ ಜೇಬೂ ಬಲ ಎದೆಯ ಮೇಲಿತ್ತು. ಅನುಮಾನ ಉಳಿಯಲಿಲ್ಲ. ಸ್ಟುಡಿಯೋದವನು ಆತುರದಲ್ಲಿ ನೆಗೆಟಿವನ್ನು ಮಗುಚಿ ಹಾಕಿ ಅಚ್ಚು ತೆಗೆದಿದ್ದ. ಇಡೀ ಚಿತ್ರ ಕನ್ನಡಿಯಲ್ಲಿ ಕಂಡಂತೆ ಎಡಬಲವಾಗಿತ್ತು.

ಇಂಥದ್ದನ್ನು ಅವನು ಹಿಂದೆ ಎರಡು ಸಲ ಕಂಡಿದ್ದ. ಸ್ಟುಡಿಯೋದವರ ಪದ್ಧತಿ ಅವನಿಗೆ ಗೊತ್ತಿತ್ತು. ಅವರು ಮೈದಾನದಲ್ಲಿ ಆಟಗಾರರ ಎದುರು ನಿಂತು ಎಡದಿಂದ ಬಲಕ್ಕೆ ಹೆಸರು ಕೇಳಿ ಬರೆದುಕೊಳ್ಳುತ್ತಾರೆ. ನಾಲ್ಕು ದಿನದ ಮೇಲೆ ಚಿತ್ರ ಅಚ್ಚಾದಾಗ ಅದೇ ಪಟ್ಟಿಯನ್ನು ನೋಡಿ ರಟ್ಟಿನ ಮೇಲೆ ಇಳಿಸುತ್ತಾರೆ. ಚಿತ್ರ ಮಗುಚಿದ್ದರೆ ಆಟಗಾರರು ಅದಲುಬದಲಾಗುತ್ತಾರೆ. ಹೆಸರುಗಳು ಹಳೆಯ ಕ್ರಮದಲ್ಲೇ ಉಳಿಯುತ್ತವೆ. ಆಗ ಎಡದಿಂದ ಓದಬೇಕಾದ ಪಟ್ಟಿಯನ್ನು ಬಲದಿಂದ ಓದಬೇಕು. ಎರಡು ಸಲವೂ ಹಾಗೆ ಓದಿಯೇ ಅವನು ಸರಿ ಮಾಡಿದ್ದ, ಎರಡು ಸಲವೂ ಹೊಗಳಿಸಿಕೊಂಡಿದ್ದ.

ಅವನು ಇದನ್ನೆಲ್ಲ ಹೆಂಗಸಿಗೆ ವಿವರಿಸಿದ. ಅವಳು ಬೆರಳಿಟ್ಟವನು ಫಕೀರಪ್ಪನಲ್ಲ, ನಿಂತವರ ಪಟ್ಟಿಯ ಐದನೆಯ ಹೆಸರಿನ ದಾನಿಯೇಲಪ್ಪ. ಅವಳ ತಂದೆ ಬಲದಿಂದ ಎರಡನೆಯವನು. ಹೇಳುವಾಗ ಅವನ ದನಿಯಲ್ಲಿ ಖುಷಿಯಿತ್ತು. ಒಂದು ಸುಳ್ಳನ್ನು ಅರವತ್ತು ವರ್ಷದ ಮೇಲೆ ಹಿಡಿದ ಖುಷಿ. ಅದನ್ನು ಬಚ್ಚಿಡಬೇಕೆಂದು ಅವನಿಗೆ ತೋಚಲಿಲ್ಲ.

ಹೆಂಗಸು ಭೂತಗನ್ನಡಿ ಕೇಳಿ ತೆಗೆದುಕೊಂಡಳು. ಸ್ಟಿಕ್ಕಿನ ಮಾತು ಅವಳಿಗೆ ತಿಳಿಯದು. ಅಂಗಿ ಅವಳ ಕಸುಬು. ಗಂಡಸರ ಅಂಗಿಯಲ್ಲಿ ಕಾಜಾ ಎಡಪಟ್ಟಿಗೆ, ಗುಂಡಿ ಬಲಪಟ್ಟಿಗೆ. ಚಿತ್ರದಲ್ಲಿ ಸ್ವೆಟರಿಲ್ಲದ ಒಂಬತ್ತು ಅಂಗಿಗಳೂ ಹೆಂಗಸರ ಕುಪ್ಪಸದ ಹಾಗೆ ತಿರುಗಿ ಮುಚ್ಚಿದ್ದವು. ಅವಳು ಒಂದೊಂದು ಗುಂಡಿಸಾಲಿನ ಮೇಲೂ ಬೆರಳಿಟ್ಟು ನೋಡಿ ಕನ್ನಡಿ ಕೆಳಗಿಟ್ಟಳು.

“ಆದರ ಸರ, ನಮ್ಮವ್ವ—” ಎಂದಳು.

“ಮನ್ಯಾಗಿನ ಮಾತು ಬ್ಯಾಡವ್ವಾ. ಗುಂಡಿ ನೀನ ನೋಡಿದೆಲ್ಲ?”

ಅವಳು ನೋಡಿದ್ದಳು. ಚಿತ್ರವನ್ನು ಸುತ್ತಿಕೊಂಡು ಹೋದಳು.

ಮೂರು ತಿಂಗಳಾಯಿತು. ಸಭಾಂಗಣ ಸಿದ್ಧವಾಯಿತು. ಸಂಘದವರು ಮನೆ ಮನೆಯಿಂದ ಚಿತ್ರ ತರುವ ಕೆಲಸವನ್ನು ಪರೀಕ್ಷಕನಿಗೇ ಒಪ್ಪಿಸಿದರು. ಅವನು ಆ ಹೆಂಗಸಿನ ಮನೆಗೂ ಹೋದ. ಅವಳು ಹೊಲಿಗೆ ಯಂತ್ರದ ಮುಂದಿದ್ದಳು. ಕುಳಿತುಕೊಳ್ಳಲು ಹೇಳಿ ನೀರು ಕೊಟ್ಟಳು. ಗೋಡೆಯ ಮೇಲೆ ಹಾಕಿ ತಂಡ ಇತ್ತು. ಅದರ ಪಕ್ಕದಲ್ಲಿ ಇನ್ನೊಂದು ಪಟ ಮುಖವನ್ನು ಗೋಡೆಗೆ ಮಾಡಿ, ಬೆನ್ನಿನ ರಟ್ಟು ತೋರಿಸುತ್ತ ನೇತಾಡುತ್ತಿತ್ತು. ತಿರುವುಮುರುವಾದದ್ದನ್ನು ಕಂಡು ಸುಮ್ಮನಿರುವ ಜಾಯಮಾನ ಅವನದಲ್ಲ. ಅದೇಕೆ ಹಾಗಿದೆ ಎಂದು ಕೇಳಿದ.

“ಅದು ನಮ್ಮವ್ವಂದ್ರಿ,” ಎಂದಳು ಅವಳು. “ತೀರಿ ಹನ್ನೊಂದು ವರ್ಷಾತು. ಆ ಫೋಟೊದಾಗ ಬಟ್ಟಿಟ್ಟು ‘ಇಂವನ ನೋಡು ನಿಮ್ಮಪ್ಪ’ ಅಂತ ದಿನಾ ತೋರಿಸಿ ಬೆಳಸಿದಾಕಿ. ನೀವು ಅಂವ ದಾನಿಯೇಲಪ್ಪ ಅಂದ್ರಿ. ಗುಂಡಿ ನಾನ ನೋಡೇನಿ, ಸುಳ್ಳಲ್ಲ. ಅಂದಮ್ಯಾಲೆ ಐವತ್ತು ವರ್ಷ ಅಕಿ ನನಗ ತೋರಿಸಿದ್ದು ಯಾರನ್ನ? ನಾ ಸಣ್ಣಾಕಿದ್ದಾಗ ಆ ದಾನಿಯೇಲಪ್ಪ ನಮ್ಮ ಮನಿಗೆ ಕಾಳುಕಡಿ ತಂದ ಹಾಕತಿದ್ದ, ಅಂವನ ಮಾರಿ ಈಗ ನೆನಪಿಲ್ಲ ನನಗ. ಓಣಿ ಮಂದಿ ಆಡಿಕೋತಿದ್ರು. ಅವಾಗ ನಾ ಅವರ ಕೂಡ ಜಗಳಾ ತಗದೀನಿ, ಕಲ್ಲು ತಗೊಂಡು ಬೆನ್ನ ಹತ್ತೀನಿ. ಈಗ ನೋಡಿದರ ಅವರದ ಖರೇ ಆತಲ್ಲ! ಅಕಿ ಮಾರಿ ನೋಡಾಕ ಮನಸ್ಸಿಲ್ಲರಿ ನನಗ. ಈ ಸಲ ಅಕಿ ತಿಥಿನೂ ಮಾಡಲಿಲ್ಲ.”

ಹೇಳಿ ಮುಗಿಸಿ ಅವಳು ಯಂತ್ರದ ಮೇಲಿನ ಬಟ್ಟೆಯನ್ನು ಸುಮ್ಮನೆ ಮಡಚಿದಳು. ಅಳಲಿಲ್ಲ. ಪರೀಕ್ಷಕನ ಮಟ್ಟಿಗೆ ಅವನು ಹೇಳಿದ್ದು ವರ್ಷ, ಚಿತ್ರ ಮಗುಚಿದ್ದು, ಅಷ್ಟೇ. ಇದೆಲ್ಲ ಎಲ್ಲಿಂದ ಬಂತು ಎಂದು ಅವನು ದಿಗಿಲುಗೊಂಡ. ಕಣ್ಣು ತಪ್ಪಿಸಲು ಹಾಕಿ ಚಿತ್ರದ ಕಡೆ ನೋಡಿದ. ಅಂದು ಕೊಕ್ಕೆ ನೋಡಿದ್ದ, ಜೇಬು ನೋಡಿದ್ದ, ತಗಡು ಎಣಿಸಿದ್ದ. ಕೆಳಗಿನ ಹೆಸರುಗಳನ್ನು ಓದಿದ್ದ. ಅವು ಯಾರ ಕೈಬರಹ ಎಂದು ನೋಡಿರಲಿಲ್ಲ. ಈಗ ನೋಡಿದ. ಅದು ಸ್ಟುಡಿಯೋದವರ ಚಿತ್ತಾರದ ಬರಹವಾಗಿರಲಿಲ್ಲ. ಎಳೆಯ ಕೈಯೊಂದು ಅಕ್ಷರ ಅಕ್ಷರಕ್ಕೂ ಒತ್ತಿ ಒತ್ತಿ ಬರೆದದ್ದಾಗಿತ್ತು.

“ಈ ಹೆಸರು ಯಾರು ಬರದದ್ದವ್ವಾ?” ಎಂದ.

“ನಮ್ಮವ್ವನ. ಅಕಿ ನಾಕ ಇಯತ್ತೆ ಕಲಿತಾಕಿ. ಫೋಟೊ ಮನಿಗೆ ಬಂದ ದಿನ ನಮ್ಮಪ್ಪ ಮಗ್ಗಲಕ ಕುಂತು ಒಬ್ಬೊಬ್ಬರ ಮಾರಿ ಮ್ಯಾಲೆ ಬಟ್ಟಿಟ್ಟು ಹೆಸರು ಹೇಳಿದ್ನಂತ, ಅಕಿ ಬರದ್ಳಂತ. ಅದನ್ನ ಹೇಳಾಕ ಬಂದಿದ್ದೆ ಅವತ್ತ. ಹೇಳಬ್ಯಾಡ ಅಂದ್ರಿ. ನೀವು ಓದಿದವರು. ಅಕಿನ ನನಗ ಸುಳ್ಳು ಹೇಳಿರಬೇಕು ಅಂದ್ಕೊಂಡೆ.”

ಪರೀಕ್ಷಕನ ಕೈಯಲ್ಲಿದ್ದ ಲೋಟ ಕೈಯಲ್ಲೇ ಉಳಿಯಿತು.

ಚಿತ್ರ ಮಗುಚಿದ್ದು ನಿಜ. ಆದರೆ ಹೆಸರು ಬರೆದದ್ದು ಮೈದಾನದಲ್ಲಿ ಅಲ್ಲ, ಮಗುಚಿದ ಚಿತ್ರ ಮನೆಗೆ ಬಂದ ಮೇಲೆ, ಅದನ್ನೇ ಮುಂದಿಟ್ಟುಕೊಂಡು, ಮುಖ ನೋಡಿ. ಚಿತ್ರ ಎಡಬಲವಾದರೆ ಜೇಬು ಆಚೆ ಈಚೆ ಆದೀತು, ಗಂಡ ಬೇರೆಯವನಾಗಲಾರ. ಎಡದಿಂದ ಎರಡನೆಯವನು ಫಕೀರಪ್ಪನೇ. ಆ ಮನೆಯಲ್ಲಿ ಅಂದಿನವರೆಗೆ ಸುಳ್ಳೇ ಇರಲಿಲ್ಲ. ಒಂದನ್ನು ಒಳಗೆ ತಂದವನು ತಾನು.

ಅವನು ಲೋಟ ಕೆಳಗಿಟ್ಟು ಇದನ್ನು ಹೇಳಿದ. ಬಿಡಿಸಿ ಬಿಡಿಸಿ ಹೇಳಿದ. ಹೆಂಗಸು ಕೇಳಿದಳು. ಅರ್ಧಕ್ಕೆ ತಡೆಯಲಿಲ್ಲ. ಆಮೇಲೆ ಎದ್ದು ಗೋಡೆಯ ಮೇಲಿನ ಪಟವನ್ನು ಇಳಿಸಿ, ಮುಖ ಈಚೆಗೆ ಮಾಡಿ, ಅದೇ ಮೊಳೆಗೆ ತೂಗುಹಾಕಿದಳು.

“ನನಗ್ಯಾಕ ಹೇಳತೀರಿ?” ಎಂದಳು. “ಅಕಿಗೆ ಹೇಳ್ರಿ.”

ಪರೀಕ್ಷಕ ಎದ್ದು ನಿಂತ. ಪಟದಲ್ಲಿ ಒಬ್ಬ ಮುದುಕಿ ಇದ್ದಳು, ತಲೆಯ ಮೇಲೆ ಸೆರಗು ಹೊದ್ದವಳು. ಸಾವಿರ ಚಿತ್ರ ನೋಡಿದವನು ಅವನು. ಒಂದು ಚಿತ್ರದ ಜೊತೆಗೂ ಮಾತಾಡಿದವನಲ್ಲ. ನಾಚಿಕೆಯಿಂದ ಅವನ ಕಿವಿ ಬಿಸಿಯಾಯಿತು. ಕೈ ಮುಗಿದ. “ಯವ್ವಾ, ನೀ ತೋರಿಸಿದ್ದು ಖರೇನ ಐತಿ,” ಎಂದ. ಅವನ ಹಿಂದೆ ನಿಂತಿದ್ದ ಹೆಂಗಸು ಆಗ ಅಳತೊಡಗಿದಳು. ಮೂರು ತಿಂಗಳು ಹಿಡಿದಿಟ್ಟ ಅಳು ಅದು, ಅಕ್ಕಪಕ್ಕದ ಮನೆಯವರು ಬಾಗಿಲಿಗೆ ಬರುವಷ್ಟು ಜೋರಾಗಿ ಅತ್ತಳು.

ಗುರುಗಳು ಕತೆ ನಿಲ್ಲಿಸಿದರು.

ವಿರೂಪಾಕ್ಷ ಕ್ಷಣವೂ ತಡಮಾಡಲಿಲ್ಲ. ಅವನ ಕಣ್ಣು ಹೊಳೆಯುತ್ತಿತ್ತು.

“ತಿಳಿಯಿತು ಗುರುಗಳೇ. ಅವನ ತಪ್ಪು ಚಿತ್ರ ನೋಡಿದ್ದರಲ್ಲಿ ಇರಲಿಲ್ಲ. ಆ ಹೆಂಗಸು ಎರಡು ಸಲ ಬಾಯಿ ತೆರೆದಳು, ಎರಡು ಸಲವೂ ಅವನು ಮುಚ್ಚಿಸಿದ. ತಪ್ಪು ಅಲ್ಲಿದೆ.”

“ಭೇಷ್,” ಎಂದರು ಗುರುಗಳು ಹೊಸ ದಾರದ ಕಟ್ಟಿನ ಕಡೆ ನೋಡುತ್ತ, “ನೀನೂ ತಪ್ಪನ್ನು ಕಂಡುಹಿಡಿದೆ.”